ರಂಗೂನ್ ಬಳ್ಳಿ ಕಣ್ಣೆತ್ತರದಲ್ಲಿ ಹೂ ಬಿಟ್ಟಿದ್ದು ಹೀಗೆ

ಗೇಟಿನ ಪಕ್ಕದ ರಂಗೂನ್ ಬಳ್ಳಿ ಮಹಡಿ ದಾಟಿ ಕರೆಂಟ್ ತಂತಿಯವರೆಗೆ ಹೋಗಿತ್ತು. ಹೂವೆಲ್ಲ ಮೇಲೆ, ಕೆಳಗೆ ಬರೀ ಒಣ ಕಡ್ಡಿ. ಈ ಬಳ್ಳಿ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಅಲ್ವಾ? ಹಾಗಾಗಿ ಹೂವಿನ ಕಾಲ ಮುಗಿದ ಮೇಲೆ ಸೊಂಟದೆತ್ತರಕ್ಕೆ ಕತ್ತರಿಸಿದೆ. ದಪ್ಪನೆಯ 4 ಕಾಂಡ ಮಾತ್ರ ಉಳಿಸಿ, ತೆಂಗಿನ ಹಗ್ಗದಿಂದ ಗ್ರಿಲ್‌ಗೆ ಅಡ್ಡಡ್ಡ ಕಟ್ಟಿದೆ. ಅಡ್ಡ ಬಾಗಿಸಿದರೆ ಉದ್ದಕ್ಕೂ ಚಿಗುರು ಬರುತ್ತದೆ.

ತುಂಬಾ ಕಾಡಿದ್ದು ಬೇರಿನಿಂದ ಏಳುವ ಮರಿಗಳು. ಸುಮ್ನೆ ಕತ್ತರಿಸಿದರೆ ಮತ್ತೆ ಬರುತ್ತವೆ. ಮಳೆಗೆ ಮಣ್ಣು ಮೆತ್ತಗಾದಾಗ ಬೇರು ಸಮೇತ ಕಿತ್ತೆ. ಸಾರಜನಕ ಜಾಸ್ತಿಯಾದರೆ ಎಲೆಯೇ ತುಂಬುತ್ತದೆ, ಅದಕ್ಕೇ ಗೊಬ್ಬರ ಕಡಿಮೆ ಮಾಡಿದೆ.

ಈಗ ಗೊಂಚಲು ಕಣ್ಣೆದುರಿಗೇ ಇದೆ. ಸಂಜೆ ಬಿಳಿಯಾಗಿ ಅರಳಿ, ಆಮೇಲೆ ಗುಲಾಬಿ, ಕೊನೆಗೆ ಕೆಂಪು! ತಂತಿಯ ಹತ್ತಿರದ ಕಡ್ಡಿ ಮಾತ್ರ ನೀವೇ ಮುಟ್ಟಬೇಡಿ. ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ.