ಉಪ್ಪುಗಾಳಿಯ ಊರಲ್ಲಿ ಪುಟ್ಟ ಫೈಲ್ ಸರ್ವರ್: ಭಾಗಗಳನ್ನು ಆರಿಸಿದ ಲೆಕ್ಕ

ಎರಡು ಮಳೆಗಾಲ ಕಳೆಯಿತು, ಮಲ್ಪೆಯಲ್ಲಿ ನಾನೇ ಕಟ್ಟಿ ಇಟ್ಟ ಫೈಲ್ ಸರ್ವರ್ ಡಬ್ಬಿ (ಮನೆಯ ಫೈಲುಗಳನ್ನೆಲ್ಲ ಒಂದೇ ಕಡೆ ಇಡುವ ಕಂಪ್ಯೂಟರು) ಇನ್ನೂ ಓಡುತ್ತಾ ಉಂಟು. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಕಟ್ಟುವಾಗ ಕೇಳಿಬಂದದ್ದು ಎರಡೇ ಮಾತು: ಸಮುದ್ರದ ಗಾಳಿಗೆ ಆರು ತಿಂಗಳೂ ಬಾಳುವುದಿಲ್ಲ, ಅದರ ಬದಲು ಎರಡು ಡಿಸ್ಕಿನ ರೆಡಿ ಡಬ್ಬಿ ತಂದಿಡು. ರೆಡಿ ಡಬ್ಬಿಗೆ ಆಗ ಡಿಸ್ಕ್ ಬಿಟ್ಟು ಇಪ್ಪತ್ತು ಸಾವಿರದ ಮೇಲಿತ್ತು. ನನ್ನದಕ್ಕೂ ಡಿಸ್ಕ್ ಬಿಟ್ಟು ಇಪ್ಪತ್ತೊಂದು ಸಾವಿರದ ಆಸುಪಾಸು ಬಿತ್ತು. ಆದರೆ ಇದರಲ್ಲಿ ನಾಲ್ಕು ಡಿಸ್ಕಿಗೆ ಜಾಗ ಉಂಟು, ಯಾವ ಭಾಗ ಕೆಟ್ಟಿತೋ ಅದನ್ನಷ್ಟೇ ಕಿತ್ತು ಬದಲಿಸಬಹುದು. ದಾರಿ ತಪ್ಪಿ ಕಳೆದುಕೊಂಡ ಎಂಟು ಸಾವಿರ ಬೇರೆ. ಅದರ ಲೆಕ್ಕವೂ ಕೊಡುತ್ತೇನೆ.

ಪ್ರೊಸೆಸರ್ ವಿಚಾರಕ್ಕೆ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಕರಾವಳಿಯಲ್ಲಿ ಅದು ಕಟ್ಟಕಡೆಗೆ ಆರಿಸುವ ಭಾಗ. ಮೊದಲು ಪವರ್ ಸಪ್ಲೈ, ಆಮೇಲೆ ಡಿಸ್ಕು, ಆಮೇಲೆ ಗಾಳಿಯ ದಾರಿ. ಬೋರ್ಡು ಯಾವುದಾದರೂ ನಡೆದೀತು.

ಶುರುವಿನಲ್ಲಿ ತಂದದ್ದು ಆಫೀಸಿನಿಂದ ಹೊರಬಿದ್ದ ಸಣ್ಣ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪು, ಎಂಟನೇ ತಲೆಮಾರಿನ ಐ3, ಎಂಟೂವರೆ ಸಾವಿರ. ಯಂತ್ರ ಒಳ್ಳೆಯದೇ. ತೊಂದರೆ ಏನೆಂದರೆ ಒಳಗೆ ಮೂರೂವರೆ ಇಂಚಿನ ಡಿಸ್ಕಿಗೆ ಇರುವುದು ಒಂದೇ ಜಾಗ, ಪವರ್ ಸಪ್ಲೈ ಕಂಪನಿಯದ್ದೇ ಅಳತೆಯದ್ದು, ಕನೆಕ್ಟರೂ ಅವರದ್ದೇ. ಎರಡನೆಯ ಡಿಸ್ಕನ್ನು ಸಿಡಿ ಡ್ರೈವಿನ ಜಾಗಕ್ಕೆ ತುರುಕಿದರೆ ಏಪ್ರಿಲ್ ಮಧ್ಯಾಹ್ನ 54 ಡಿಗ್ರಿ ತೋರಿಸುತ್ತಿತ್ತು. ಮೂರನೆಯದನ್ನು ಯುಎಸ್‌ಬಿ ಡಬ್ಬಿಯಲ್ಲಿ ಹೊರಗೆ ಇಟ್ಟೆ. ದೊಡ್ಡ ಫೈಲು ಹೋಗುತ್ತಿರುವಾಗಲೇ ಯುಎಸ್‌ಬಿ ರೀಸೆಟ್ ಆಗಿ ಪೂಲಿನಿಂದ (ಹಲವು ಡಿಸ್ಕು ಸೇರಿಸಿ ಒಂದಾಗಿ ಬಳಸುವ ಗುಂಪಿನಿಂದ) ಡಿಸ್ಕು ಕಳಚಿಕೊಳ್ಳುವುದು ವಾರಕ್ಕೊಮ್ಮೆ ಖಾಯಂ. ಯುಎಸ್‌ಬಿ ಡಿಸ್ಕು ಬ್ಯಾಕಪ್ಪಿಗೆ ಸರಿ, ಪೂಲಿಗೆ ಬೇಡವೇ ಬೇಡ. ಯಂತ್ರವನ್ನು ಐದು ಸಾವಿರಕ್ಕೆ ಮಾರಿದೆ.

ಈಗ ಇರುವುದು ಇಂಟೆಲ್ ಎನ್100 ಪ್ರೊಸೆಸರ್ ಕೂತಿರುವ, ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಬೋರ್ಡು, ಆಗ ಹನ್ನೊಂದೂವರೆ ಸಾವಿರ. ನಾಲ್ಕು ಕೋರು, 6 ವಾಟ್, ಹೀಟ್‌ಸಿಂಕಿಗೆ ಫ್ಯಾನೇ ಇಲ್ಲ. ಮೆಮೊರಿ ಸ್ಲಾಟು ಒಂದೇ, ಹಳೆ ಲ್ಯಾಪ್‌ಟಾಪಿನ 16 ಜಿಬಿ ಅದಕ್ಕೇ ಹೋಯಿತು. ಇಸಿಸಿ (ಮೆಮೊರಿಯ ತಪ್ಪನ್ನು ತಾನೇ ತಿದ್ದುವ ವ್ಯವಸ್ಥೆ) ಇಲ್ಲ ಎಂದು ಮೂಗು ಮುರಿಯುವವರು ಮುರಿಯಲಿ. ಒಂದು ರಾತ್ರಿ ಪೂರ್ತಿ ಮೆಮ್‌ಟೆಸ್ಟ್ ಓಡಿಸಿ, ತಿಂಗಳಿಗೊಮ್ಮೆ ಸ್ಕ್ರಬ್ (ಡಿಸ್ಕಿನಲ್ಲಿರುವುದನ್ನೆಲ್ಲ ಓದಿ ತಾಳೆ ನೋಡುವುದು) ಮಾಡಿ, ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟರೆ ಮನೆ ಮಟ್ಟಿಗೆ ಸಾಕು.

ಈ ಪ್ರೊಸೆಸರಿಗೆ ಪಿಸಿಐ ಎಕ್ಸ್‌ಪ್ರೆಸ್ ಲೇನು (ಕಾರ್ಡುಗಳಿಗೆ ಡೇಟಾ ಹೋಗುವ ದಾರಿ) ಒಟ್ಟು ಒಂಬತ್ತೇ. ಸಾಟಾ ಪೋರ್ಟು (ಡಿಸ್ಕ್ ಚುಚ್ಚುವ ಕಿಂಡಿ) ಸಾಲದು ಎಂದು ಕಾರ್ಡು ಹಾಕುವಾಗ ಇದು ನೆನಪಿರಲಿ. ಪೋರ್ಟ್ ಮಲ್ಟಿಪ್ಲಯರ್ (ಒಂದೇ ಪೋರ್ಟನ್ನು ಹಲವು ಡಿಸ್ಕಿಗೆ ಹಂಚುವ ಚಿಪ್ಪು) ಇರುವ ಅಗ್ಗದ ಕಾರ್ಡಿನ ಹತ್ತಿರವೂ ಸುಳಿಯಬೇಡಿ, ಒಂದು ಡಿಸ್ಕು ತಡವರಿಸಿದರೆ ಉಳಿದವನ್ನೂ ಎಳೆದುಕೊಂಡು ಬೀಳುತ್ತದೆ. ಮೊದಲು ಜೆಎಂಬಿ585 ಚಿಪ್ಪಿನದ್ದು ಹಾಕಿದ್ದೆ, ಸಾವಿರದ ನಾನೂರು. ಕೆಲಸಕ್ಕೆ ಕೊರತೆಯಿಲ್ಲ, ಆದರೆ ಅದಿದ್ದರೆ ಪ್ರೊಸೆಸರು ಆಳದ ನಿದ್ದೆಗೆ ಇಳಿಯುವುದಿಲ್ಲ, ಗೋಡೆಯ ಮೀಟರಿನಲ್ಲಿ ಐದಾರು ವಾಟ್ ಹೆಚ್ಚಿಗೆ. ಎಎಸ್‌ಎಂ1166 ಚಿಪ್ಪಿನ ಎಂ.2 ಕಾರ್ಡಿಗೆ ಬದಲಿಸಿದೆ, ಎರಡು ಸಾವಿರದ ಇನ್ನೂರು. ಫರ್ಮ್‌ವೇರ್ ಹಳತಿದ್ದರೆ ಮೊದಲು ಅದನ್ನು ಏರಿಸಿಕೊಳ್ಳಿ. ಕಾರ್ಡು ಬಿಸ್ಕತ್ತಿನಷ್ಟು ತೆಳು. ಸಾಟಾ ಕೇಬಲುಗಳ ಭಾರಕ್ಕೆ ಬಾಗಿ, ಸ್ಲಾಟಿನಲ್ಲಿ ಒಂದು ಬದಿ ಎದ್ದು ನಿಲ್ಲುತ್ತದೆ. ಕೆಳಗೊಂದು ನೈಲಾನ್ ಸ್ಪೇಸರ್ ಕೊಟ್ಟು ಕೇಬಲುಗಳನ್ನು ಚಾಸಿಗೆ ಕಟ್ಟಿದ ಮೇಲೆ ಸುಮ್ಮನಾಯಿತು. ಚಿಪ್ಪಿನ ಮೇಲೆ ಚಿಕ್ಕ ಹೀಟ್‌ಸಿಂಕ್ ಕಡ್ಡಾಯ.

ಡಿಸ್ಕಿನ ವಿಷಯಕ್ಕೆ ಬರೋಣ. ಎಸ್‌ಎಂಆರ್ (ಬರೆಯುವ ಸಾಲುಗಳು ಒಂದರ ಮೇಲೊಂದು ಹಾಸಿರುವ, ಮತ್ತೆ ಬರೆಯುವಾಗ ನಿಧಾನವಾಗುವ ಡಿಸ್ಕು) ಬೇಡ ಎನ್ನುವುದು ನಿಮಗೂ ಗೊತ್ತು, ಆದರೂ ಎಲ್ಲರೂ ಒಮ್ಮೆ ಏಮಾರುತ್ತಾರೆ. 2020ರಲ್ಲಿ ಡಬ್ಲ್ಯುಡಿ ರೆಡ್‌ನ 2ರಿಂದ 6 ಟಿಬಿಯವು ಎಸ್‌ಎಂಆರ್ ಎಂದು ಬಯಲಾದ ಮೇಲೆಯೇ ರೆಡ್ ಪ್ಲಸ್ ಎಂಬ ಹೆಸರು ಬಂದದ್ದು. ಆ ಗಾತ್ರಗಳಲ್ಲಿ ಮಾಡೆಲ್ ಸಂಖ್ಯೆಯ ಕೊನೆಗೆ ಇಎಫ್‌ಎಎಕ್ಸ್ ಕಂಡರೆ ಬಿಡಿ, ಇಎಫ್‌ಆರ್‌ಎಕ್ಸ್, ಇಎಫ್‌ಝಡ್‌ಎಕ್ಸ್, ಇಎಫ್‌ಪಿಎಕ್ಸ್ ಕಂಡರೆ ತಗೊಳ್ಳಿ. ಸೀಗೇಟಿನಲ್ಲಿ ಐರನ್‌ವುಲ್ಫ್ ಎಲ್ಲವೂ ಸಿಎಂಆರ್ (ಸಾಲುಗಳು ಬೇರೆಬೇರೆ ಇರುವ ಮಾಮೂಲಿ ಬಗೆ), 4 ಟಿಬಿ ಬ್ಯಾರಕೂಡಾ ಎಸ್‌ಎಂಆರ್. ಬಿಲ್ಲಿನಲ್ಲಿ 4 ಟಿಬಿ ಹಾರ್ಡ್ ಡಿಸ್ಕ್ ಎಂದಷ್ಟೇ ಬರೆದು ಕೊಡುತ್ತಾರೆ. ಮಾಡೆಲ್ ಸಂಖ್ಯೆ ಬರೆಸಿಕೊಳ್ಳದೆ ದುಡ್ಡು ಬಿಚ್ಚಬೇಡಿ. ಹಾಗೆ ಬರೆಸಿಕೊಳ್ಳದೆ ತಂದದ್ದೊಂದು ಎಸ್‌ಎಂಆರ್ ನನ್ನಲ್ಲೂ ಉಂಟು. ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಪೂಲಿನಲ್ಲಿ ರಿಸಿಲ್ವರ್‌ಗೆ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬಲು) ಹಾಕಿದಾಗ ಮೊದಲ ಒಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಸೆಕೆಂಡಿಗೆ ಎಂಟು ಹತ್ತು ಎಂಬಿಗೆ ಇಳಿದು ಕೂತಿತು. ಈಗ ಅದು ಬ್ಯಾಕಪ್ಪಿನ ಡಿಸ್ಕು.

ನಮ್ಮ ಅಂಗಡಿಗಳಲ್ಲಿ ನ್ಯಾಸ್ ಡಿಸ್ಕು (ಇಂಥ ಫೈಲ್ ಸರ್ವರಿಗೆಂದೇ ಮಾಡಿದ್ದು) ಆರ್ಡರ್ ಕೊಟ್ಟು ತರಿಸಬೇಕು, ಸಿಸಿಟಿವಿ ಡಿಸ್ಕು ಮಾತ್ರ ಯಾವಾಗಲೂ ಶೆಲ್ಫಿನಲ್ಲಿ ಇರುತ್ತದೆ. ಅದು ನಡೆಯುತ್ತದೆಯೇ ಎಂದು ಕೇಳುವವರು ಬಹಳ. ಸಿಎಂಆರ್ ಹೌದೆಂದು ಮಾಡೆಲ್ ಸಂಖ್ಯೆ ನೋಡಿಕೊಂಡು ಹಾಕಬಹುದು. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ ಇಆರ್‌ಸಿ (ಕೆಟ್ಟ ಸೆಕ್ಟರಿಗೆ ಡಿಸ್ಕು ಎಷ್ಟು ಹೊತ್ತು ಪ್ರಯತ್ನಿಸಬೇಕೆಂಬ ಮಿತಿ) ಪರೀಕ್ಷಿಸಿ, 7 ಸೆಕೆಂಡಿಗೆ ಹೊಂದಿಸಲು ಬಿಟ್ಟರೆ ಚಿಂತೆಯಿಲ್ಲ. ಬಿಡದ ಡೆಸ್ಕ್‌ಟಾಪ್ ಡಿಸ್ಕು ಒಂದು ಕೆಟ್ಟ ಸೆಕ್ಟರಿಗೆ ನಿಮಿಷಗಟ್ಟಲೆ ತಿಣುಕಾಡುತ್ತದೆ, ಲಿನಕ್ಸ್ 30 ಸೆಕೆಂಡಿಗೇ ತಾಳ್ಮೆಗೆಟ್ಟು ಅದನ್ನು ರೀಸೆಟ್ ಮಾಡುತ್ತದೆ.

ನಾನು ಹಾಕಿದ್ದು 4 ಟಿಬಿಯವು ಮೂರು, 5400 ಆರ್‌ಪಿಎಂ, ಒಂದಕ್ಕೆ ಹತ್ತೂವರೆ ಸಾವಿರದ ಹಾಗೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಶಿರಾಡಿ ಘಾಟಿ ಇಳಿದು ಬಂದದ್ದಾದರೆ ಪೂಲಿಗೆ ಹಾಕುವ ಮೊದಲು ಡಿಸ್ಕು ಪರೀಕ್ಷಿಸುವ ಬ್ಯಾಡ್‌ಬ್ಲಾಕ್ಸ್ ಓಡಿಸಲೇಬೇಕು. ನಾಲ್ಕು ಸಲ ಬರೆದು ನಾಲ್ಕು ಸಲ ಓದುವುದು, 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತದೆ. ವಾಪಸ್ ಕೊಡುವ ಗಡುವು ವಾರದ್ದಾದರೆ ಬಂದ ದಿನವೇ ಶುರು ಮಾಡಿ. ಮೂರರಲ್ಲಿ ಒಂದು, ತೆಳ್ಳಗೆ ಒಂದು ಸುತ್ತು ಬಬಲ್ ಹಾಳೆ ಸುತ್ತಿ ಬಂದದ್ದು, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಪಟ್ಟಿಯ 197ನೇ ಸಾಲಿನಲ್ಲಿ (ಓದಲಾಗದೆ ಅನುಮಾನದಲ್ಲಿರುವ ಸೆಕ್ಟರುಗಳ ಎಣಿಕೆ) 16 ತೋರಿಸಿತು. ವಾಪಸ್ ಕಳಿಸಿದೆ.

ಪವರ್ ಸಪ್ಲೈಗೆ ಬಂದರೆ, ನನ್ನ ದುಡ್ಡು ಹೆಚ್ಚಾಗಿ ಮುಳುಗಿದ್ದು ಇಲ್ಲೇ. ದೊಡ್ಡ ಸಪ್ಲೈ 25 ವಾಟಿನ ಭಾರದಲ್ಲಿ ಕರೆಂಟು ಸೋರಿಸುತ್ತದೆ, ಒಳಗಿನ ಫ್ಯಾನು ಉಪ್ಪು ಧೂಳನ್ನು ನೇರ ಸಪ್ಲೈಯ ಸ್ವಂತ ಬೋರ್ಡಿನ ಮೇಲೆಯೇ ಊದುತ್ತದೆ. ಅದಕ್ಕೇ ಪೀಕೋ ಮಾದರಿಯ ಡಿಸಿ ಬೋರ್ಡು (ಫ್ಯಾನಿಲ್ಲದ, ಹೊರಗಿನ ಅಡಾಪ್ಟರಿನಿಂದ ಕರೆಂಟು ಪಡೆಯುವ ಪುಟ್ಟ ಪವರ್ ಸಪ್ಲೈ). ಸಿಸಿಟಿವಿಗೆ ಹಾಕುವ 12 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್ಸು ಐನೂರೈವತ್ತಕ್ಕೆ ಸಿಗುತ್ತದೆಂದು ಅದನ್ನು ಜೋಡಿಸಿದೆ. ಮೂರು ಡಿಸ್ಕು ಒಟ್ಟಿಗೆ ತಿರುಗಲು ಶುರುವಾಗುವಾಗ ಒಂದೊಂದಕ್ಕೆ ಸುಮಾರು 1.8 ಆಂಪಿಯರ್ ಬೇಕು. ಆ ಮೂರ್ನಾಲ್ಕು ಸೆಕೆಂಡು ಮಲ್ಟಿಮೀಟರಿನಲ್ಲಿ 12 ಇದ್ದದ್ದು 11.1ಕ್ಕೆ ಇಳಿಯಿತು. ಕಟಕ್ ಎಂದು ಒಂದು ಡಿಸ್ಕು ತಲೆ ಒಳಗೆಳೆದು ಮತ್ತೆ ತಿರುಗಲು ಶುರು, ಅಷ್ಟರಲ್ಲಿ ಬೋರ್ಡು ಅದನ್ನು ಬಿಟ್ಟು ಎರಡೇ ಡಿಸ್ಕು ಎಣಿಸಿ ಮುಗಿಸಿತ್ತು. ಸ್ಕ್ರೂ ತಿರುಗಿಸಿ 12.4ಕ್ಕೆ ಏರಿಸಿದರೂ ಇಳಿತ ತಪ್ಪಲಿಲ್ಲ, ಬರೆದಷ್ಟು ಆಂಪಿಯರ್ ಅದು ಕೊಡುವುದಿಲ್ಲ ಎಂದರ್ಥ.

ಮುಂದಿನ ಹುಚ್ಚು, ಮನೆಯ ಇನ್ವರ್ಟರ್ ಬ್ಯಾಟರಿಯಿಂದ ನೇರ ಲೈನ್ ಎಳೆಯುವುದು. ಬ್ಯಾಟರಿ 12 ವೋಲ್ಟು, ಪೀಕೋ 12 ವೋಲ್ಟು, ಮತ್ತೇನು ಬೇಕು ಎಂಬ ಲೆಕ್ಕ. 12 ವೋಲ್ಟ್ ಇನ್‌ಪುಟ್ಟಿನ ಪೀಕೋ, 12ರ ಸಾಲನ್ನು ಹಾಗೆಯೇ ಡಿಸ್ಕಿಗೆ ದಾಟಿಸುತ್ತದೆ, 5 ಮತ್ತು 3.3 ಮಾತ್ರ ತಾನು ತಯಾರಿಸುತ್ತದೆ. ಬ್ಯಾಟರಿ ಚಾರ್ಜಿಗೆ ಹೋದರೆ 14.4. ಅದೃಷ್ಟಕ್ಕೆ ಪೀಕೋವೇ ಕೈಕೊಟ್ಟು ಆಫಾಯಿತು, ಡಿಸ್ಕು ಉಳಿಯಿತು. ಎರಡು ಸಾವಿರದ ಇನ್ನೂರು ಹೋಯಿತು.

ಕೊನೆಗೆ ನಿಂತದ್ದು 19 ವೋಲ್ಟ್ 120 ವಾಟಿನ ಅಸಲಿ ಲ್ಯಾಪ್‌ಟಾಪ್ ಅಡಾಪ್ಟರು, ಅದಕ್ಕೆ ಅಗಲ ಇನ್‌ಪುಟ್ಟಿನ, 12 ವೋಲ್ಟನ್ನು ತಾನೇ ನಿಯಂತ್ರಿಸುವ ಪೀಕೋ, 12ರ ಸಾಲಿನಲ್ಲಿ 8 ಆಂಪಿಯರ್. ಎರಡೂ ಸೇರಿ ನಾಲ್ಕು ಸಾವಿರ. ಡಿಸ್ಕುಗಳಿಗೆ ಕವಲೊಡೆಯುವ ಕೇಬಲಿನಲ್ಲಿ ಎರಕದ ಮೊಲೆಕ್ಸ್–ಸಾಟಾ ಕನೆಕ್ಟರು ಬೇಡ, ಒಳಗೆ ತಂತಿಗಳು ಹತ್ತಿರ ಬಂದು ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ. ತಂತಿಯನ್ನು ಒತ್ತಿ ಕೂರಿಸಿದ ಮಾದರಿಯದ್ದೇ ತಗೊಳ್ಳಿ. ಗೋಡೆಯಿಂದ ಎಳೆಯುವುದು ಈಗ 24 ವಾಟ್, ತಿಂಗಳಿಗೆ ಹದಿನೇಳು ಚಿಲ್ಲರೆ ಯೂನಿಟ್. ಗೃಹಜ್ಯೋತಿಯ 200ರ ಗೆರೆ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾದ ಮನೆಗಳಲ್ಲಿ ಈ ಅಂಕಿ ಪ್ರೊಸೆಸರ್ ವೇಗಕ್ಕಿಂತ ಮುಖ್ಯ.

ಇನ್ನು ತೇವ. ಆಟಿ (ಜುಲೈ–ಆಗಸ್ಟ್) ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು. ಆದರೆ ಸದಾ ಓಡುವ ಯಂತ್ರಕ್ಕೆ ತೇವ ಅಷ್ಟು ದೊಡ್ಡ ಶತ್ರು ಅಲ್ಲ. ಕೋಣೆಯಲ್ಲಿ 28 ಡಿಗ್ರಿ, ತೇವಾಂಶ ಶೇ 90 ಇರುವಾಗ ಅದೇ ಗಾಳಿ ಡಬ್ಬಿಯೊಳಗೆ 36ಕ್ಕೆ ಬಿಸಿಯಾದರೆ ತೇವಾಂಶ ಶೇ 57ರ ಸುತ್ತ ಇಳಿಯುತ್ತದೆ. ನೂರೈವತ್ತು ರೂಪಾಯಿಯ ಮೀಟರು ಒಳಗಿಟ್ಟು ನೋಡಿದೆ, 58ರಿಂದ 60. ಹಾಗಾಗಿ ಮಳೆಗಾಲದಲ್ಲಿ ಡಿಸ್ಕು ಮಲಗಿಸುವ ಸೆಟ್ಟಿಂಗ್ ತೆಗೆದುಬಿಡಿ. ತಿಂಗಳಿಗೆ ಐದಾರು ಯೂನಿಟ್ ಉಳಿಸಲು ಹೋಗಿ ರಾತ್ರಿಯಿಡೀ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡುವವರ ಕನೆಕ್ಟರಿಗೇ ಮೊದಲು ಕಿಲುಬು ಬರುವುದು. ಸಿಲಿಕಾ ಜೆಲ್ ಚೀಲವನ್ನೂ ಹಾಕಿ ನೋಡಿದೆ. ಫ್ಯಾನ್ ಓಡುವ ಡಬ್ಬಿಯಲ್ಲಿ ಅದು ಎರಡೇ ದಿನಕ್ಕೆ ನೀಲಿಯಿಂದ ಗುಲಾಬಿಗೆ ತಿರುಗಿತು, ದುಡ್ಡು ದಂಡ.

ಉಪ್ಪು ಬೇರೆ ಕತೆ. ತಾಮ್ರದ ತಂತಿಯ ಮೂರು ತುಂಡನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಂದನ್ನು ಡಬ್ಬಿಯೊಳಗೆ, ಒಂದನ್ನು ಅದೇ ಕಪಾಟಿನ ಮೇಲೆ, ಇನ್ನೊಂದನ್ನು ಪಡುವಣ ಕಿಟಕಿಯ ಸರಳಿಗೆ ನೇತುಹಾಕಿದೆ. ತಿಂಗಳಿಗೆ ಕಿಟಕಿಯದ್ದು ಕಪ್ಪಿಟ್ಟು ತುದಿಯಲ್ಲಿ ಹಸಿರು ಕೂಡಿತ್ತು, ಕಪಾಟಿನದ್ದು ಕಂದು, ಡಬ್ಬಿಯದ್ದು ಇನ್ನೂ ಕೆಂಪು. ಅಂದರೆ ಡಬ್ಬಿಯನ್ನು ಕಿಟಕಿಯಿಂದ ದೂರ ಒಳಗೋಡೆಗೆ ಇಡುವುದೇ ಅರ್ಧ ಕೆಲಸ.

ಚಾಸಿ ರೆಡಿ ಸಿಗಲಿಲ್ಲ, ತರಿಸಿದರೆ ಆಗ ಎಂಟು ಹತ್ತು ಸಾವಿರ. ಹಳೆ ಟವರ್ ಕ್ಯಾಬಿನೆಟ್ಟಿನ ಡಿಸ್ಕ್ ಗೂಡನ್ನು ಕಿತ್ತು, ಕಿಟಕಿ ಮಾಡುವ ಅಲ್ಯುಮಿನಿಯಂ ಸೆಕ್ಷನ್ ಅಂಗಡಿಯಲ್ಲಿ ಚೌಕಟ್ಟು ಹೊಡೆಸಿದೆ, ಕೂಲಿ ಸೇರಿ ಸಾವಿರದ ಎಂಟುನೂರು. ತುಕ್ಕಿನ ಮಾತೇ ಇಲ್ಲ. ಡಿಸ್ಕಿನಿಂದ ಡಿಸ್ಕಿಗೆ ಕಿರುಬೆರಳು ತೂರುವಷ್ಟು ಸಂದು ಬಿಡಿ. ಎದುರಿಗೆ 120 ಎಂಎಂ ಫ್ಯಾನು ಒಳಕ್ಕೆ ಊದುವ ಹಾಗೆ, ಅದರ ಮುಂದೆ ಸ್ಟೀಲಿನ ಸೊಳ್ಳೆ ಜಾಲರಿ. ಫ್ಯಾನು ಹೊರಕ್ಕೆ ಎಳೆದರೆ ಎಲ್ಲ ಸಂದಿಯಿಂದಲೂ ಕಸ ಒಳಗೆ ಬರುತ್ತದೆ. ಹಿಂದಿನ ತೂತುಗಳಿಗೂ ಜಾಲರಿ ಬೇಕು, ಬೆಚ್ಚಗಿನ ಜಾಗ ಹುಡುಕುವ ಹಲ್ಲಿ ಒಂದು ಸಾಕು ಬೋರ್ಡನ್ನು ಶಾರ್ಟ್ ಮಾಡಲು. ಫ್ಯಾನಿಗೂ ಗೂಡಿಗೂ ನಡುವೆ ಒಂದು ಮಡಚಿದ ತಗಡು ಉಂಟು, ಅದರಿಂದ ಮೂರು ಡಿಗ್ರಿ ಇಳಿಯಿತು. ಮಡಿಕೆಯ ಕೋನ ಮಾತ್ರ ನನ್ನ ಹತ್ತಿರವೇ ಇರಲಿ. ಸಾಟಾ ಕನೆಕ್ಟರಿಗೆ ಏನು ಹಚ್ಚಿದ್ದೇನೆ ಎನ್ನುವುದೂ ಅಷ್ಟೆ. ಮೇ ತಿಂಗಳ ಮಧ್ಯಾಹ್ನ ಕೋಣೆ 33 ಇರುವಾಗ ಡಿಸ್ಕು 42.

ಯುಪಿಎಸ್ ಮೂರು ಸಾವಿರದ ಸಾದಾ 600 ವಿಎ. ಯುಎಸ್‌ಬಿ ಇಲ್ಲದ್ದರಿಂದ ಕರೆಂಟು ಹೋದದ್ದು ಸರ್ವರಿಗೆ ತಿಳಿಯುವುದಿಲ್ಲ. ಯುಪಿಎಸ್ಸಿಗೂ ಇನ್ವರ್ಟರಿಗೂ ಸೇರದ ಪ್ಲಗ್ಗಿನಲ್ಲಿ ಒಂದು ಹಳೆ ರೌಟರ್ ಚುಚ್ಚಿ, ಸರ್ವರು ಅದಕ್ಕೆ ನಿಮಿಷಕ್ಕೊಮ್ಮೆ ಪಿಂಗ್ (ಇದ್ದೀಯಾ ಎಂದು ಕೇಳುವ ಕರೆ) ಕಳಿಸುವ ಹಾಗೆ ಮಾಡಿದೆ. ಸತತ ಹತ್ತು ಪಿಂಗ್‌ಗೆ ಉತ್ತರವಿಲ್ಲದಿದ್ದರೆ ಶಟ್‌ಡೌನ್. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಕರೆಂಟಿನ ತಂತಿಗಿಂತ ಹೆಚ್ಚು ಹೆದರಬೇಕಾದ್ದು ಹೊರಗಿನ ಕ್ಯಾಮೆರಾಗಳಿಗೆ ಹೋದ ಲ್ಯಾನ್ ತಂತಿಗೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಬೇಸಿಗೆಗೆ ಅರ್ತಿಂಗ್ ಗುಂಡಿ ಒಣಗಿರುತ್ತದೆ, ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ. ಕ್ಯಾಮೆರಾ ಸ್ವಿಚ್ಚಿಗೂ ಸರ್ವರಿಗೂ ನಡುವೆ ಒಂದು ಜೊತೆ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಂಕೇತವನ್ನು ಬೆಳಕಿಗೆ ಬದಲಿಸುವ ಡಬ್ಬಿ), ಕರೆಂಟು ಹಾಯದ ಐದು ಮೀಟರ್ ಫೈಬರ್. ಎರಡು ಸಾವಿರದೊಳಗೆ ಮುಗಿಯಿತು. ಹೋದ ಮೇ ತಿಂಗಳಲ್ಲಿ ಸ್ವಿಚ್ಚೂ ಒಂದು ಕನ್ವರ್ಟರೂ ಸುಟ್ಟವು, ಫೈಬರಿನ ಈಚೆ ಬದಿಗೆ ಏನೂ ಆಗಲಿಲ್ಲ.

ವೇಗ ಕೇಳುವವರಿಗೆ: ಗಿಗಾಬಿಟ್ಟಿನಲ್ಲಿ ಸೆಕೆಂಡಿಗೆ 110 ಎಂಬಿ, ತಂತಿ ತುಂಬುತ್ತದೆ.

ಈ ಸಲದ ಮಳೆ ಬಿಟ್ಟ ಮೇಲೆ ಮೂರೂ ಡಿಸ್ಕಿನ ಸ್ಮಾರ್ಟ್ ಪಟ್ಟಿ ತೆಗೆದು ನೋಡಿದೆ. ಕೆಟ್ಟು ಬದಲಾದ ಸೆಕ್ಟರು ಎಣಿಸುವ 5ನೇ ಸಾಲು ಸೊನ್ನೆ, 197 ಸೊನ್ನೆ. ಕೇಬಲಿನ ದೋಷ ಎಣಿಸುವ 199 ಎರಡರಲ್ಲಿ ಸೊನ್ನೆ, ಒಂದರಲ್ಲಿ 4. ಆ ನಾಲ್ಕು ಮೊದಲ ಮಳೆಗಾಲದ ಅಗ್ಗದ ಕೆಂಪು ಕೇಬಲಿನದ್ದು. ಕೇಬಲು ಆಗಲೇ ಕಸಕ್ಕೆ ಹೋಯಿತು, ಅಂಕಿ ಮಾತ್ರ ಇಳಿಯುವುದಿಲ್ಲ.