ಪಬ್ಲಿಕ್ ಹಿಸ್ಟರಿ ಎಂಎ: ಅರ್ಜಿ ಬರೆಯುವ ಬಗೆ

ಕೊಡಗಿನ ಪದವಿ ವಿದ್ಯಾರ್ಥಿಗಳು ಪ್ರತಿ ವರ್ಷ ನನ್ನ ಹತ್ತಿರ ಪಬ್ಲಿಕ್ ಹಿಸ್ಟರಿ ಎಂಎ ಅರ್ಜಿಯ ಕರಡು ತರುತ್ತಾರೆ. ಅಂಕ ಚೆನ್ನಾಗಿರುತ್ತದೆ, ಆಸೆಯೂ ಇರುತ್ತದೆ. ಆದರೆ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ‘ಈ ಕೋರ್ಸ್ ನನಗೆ ಯಾಕೆ ಬೇಕು’ ಎಂದು ಹೇಳುವ ಆ ಎರಡು ಪುಟ, ಅದೇ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಎಸ್‌ಒಪಿ.

ಮೊದಲು ಕೋರ್ಸ್ ಹುಡುಕಿ. ಮ್ಯೂಸಿಯಂ, ಹಳೇ ದಾಖಲೆ, ಹಿರಿಯರ ನೆನಪು, ಹೀಗೆ ಜನರ ನಡುವೆ ಮಾಡುವ ಇತಿಹಾಸದ ಕೆಲಸವೇ ಪಬ್ಲಿಕ್ ಹಿಸ್ಟರಿ. 1976ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಇದನ್ನು ಪಾಠವಾಗಿ ಕಲಿಸಲು ಶುರು ಮಾಡಿದರು. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಇದೇ ಹೆಸರಿನ ಎಂಎ ಇದೆ. ನಮ್ಮಲ್ಲಿ ಈ ಹೆಸರಿನ ಕೋರ್ಸ್ ಕಡಿಮೆ. ಹತ್ತಿರದ ದಾರಿ ಎಂದರೆ ಬರೋಡಾದ ಎಂಎಸ್ ವಿಶ್ವವಿದ್ಯಾಲಯದ ಮ್ಯೂಸಿಯಾಲಜಿ, ಇಲ್ಲವೇ ಕೇಂದ್ರೀಯ ವಿವಿಗಳ ಇತಿಹಾಸ ಎಂಎ. ಎರಡನೆಯದಕ್ಕೆ ಸಾಮಾನ್ಯವಾಗಿ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಈಗ ಎಸ್‌ಒಪಿ. ‘ವೀರಭೂಮಿ ಕೊಡಗಿನಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದ ಇತಿಹಾಸವೆಂದರೆ ಪ್ರಾಣ’ ಎಂದು ದಯವಿಟ್ಟು ಶುರು ಮಾಡಬೇಡಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು ಅನ್ನುವುದೂ ಅಲ್ಲಿ ಬೇಡ. ಅದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನೀವು ಯಾರ ಹತ್ತಿರ ಕೂತಿರಿ, ಏನು ಕೇಳಿದಿರಿ, ಏನು ಕೈಗೆ ಸಿಕ್ಕಿತು, ಅದನ್ನು ಬರೆಯಿರಿ.

ಮಕ್ಕಂದೂರು ಕಡೆಯ ಹುಡುಗಿಯೊಬ್ಬಳ ಕರಡು ಮೂರು ಸಲ ವಾಪಸ್ ಕಳಿಸಿದ್ದೆ. ನಾಲ್ಕನೇ ಸಲ ಕೇಳಿದೆ, ‘2018ರಲ್ಲಿ ಗುಡ್ಡ ಕುಸಿದಾಗ ಮನೆ ಬಿಟ್ಟಿರಲ್ಲ, ಅಜ್ಜಿ ಏನು ತಗೊಂಡು ಬಂದರು?’ ‘ಒಂದು ಚೀಲ ಒಳ್ಳೆಮೆಣಸು ಸರ್’ ಅಂದಳು. ‘ಪೇಟೆಯಲ್ಲಿ ಯಾರಾದರೂ ತಗೊಳ್ತಾರೆ, ಕೈಗೆ ಕಾಸು ಬರುತ್ತೆ ಅಂದ್ರು.’ ಅರ್ಜಿಯ ಮೊದಲ ಸಾಲು ಅಲ್ಲೇ ಸಿಕ್ಕಿತು. ಆಮೇಲೆ ಅವಳು ಅಕ್ಕಪಕ್ಕದ ಒಂಬತ್ತು ಮನೆಯವರನ್ನೂ ಅದೇ ಪ್ರಶ್ನೆ ಕೇಳಿದಳು. ಒಬ್ಬರು ಪಹಣಿ ತಂದಿದ್ದರು, ಇನ್ನೊಬ್ಬರು ಮಗಳ ಮಾರ್ಕ್ಸ್‌ಕಾರ್ಡ್. ಇದನ್ನು ಒಂದು ಪುಟದಲ್ಲಿ ಹೇಳಿ, ಮುಂದಿನ ಪುಟದಲ್ಲಿ ‘ಇಂಥ ನೆನಪುಗಳನ್ನು ಪ್ರದರ್ಶನಕ್ಕಿಡುವುದು ಹೇಗೆ, ಯಾರ ಒಪ್ಪಿಗೆ ಬೇಕು ಎಂದು ನಿಮ್ಮಲ್ಲಿ ಕಲಿಯಬೇಕು’ ಎಂದು ಬರೆದಳು. ಆ ವಿಭಾಗದಲ್ಲಿ ಇದನ್ನು ಕಲಿಸುವ ಪ್ರಾಧ್ಯಾಪಕರು ಯಾರು ಎಂದು ನೋಡಿ, ಅವರ ಹೆಸರನ್ನೂ ಸೇರಿಸಿದಳು. ಈ ಕೊಂಡಿ ಇಲ್ಲದಿದ್ದರೆ ಕಥೆ ಎಷ್ಟೇ ಚೆನ್ನಾಗಿದ್ದರೂ ಸಾಲದು.

ಧ್ವನಿ ದಾಖಲಿಸುವವರಿಗೆ ಒಂದು ಮಾತು. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಶೀಟ್ ಮನೆಯೊಳಗೆ ರೆಕಾರ್ಡ್ ಮಾಡಬೇಡಿ, ಬರೀ ಮಳೆ ಕೇಳಿಸುತ್ತದೆ. ತೀರಾ ಅಗ್ಗದ ಕಾಲರ್ ಮೈಕಿಗೆ ದುಡ್ಡು ಸುರಿಯುವುದಕ್ಕಿಂತ ಫೋನನ್ನೇ ಮಡಚಿದ ಟವೆಲ್ ಮೇಲೆ ಹತ್ತಿರ ಇಡಿ. ಶುರುವಿನಲ್ಲೇ ಹೆಸರು, ದಿನಾಂಕ, ಒಪ್ಪಿಗೆ ಮೂರನ್ನೂ ಅವರ ಬಾಯಲ್ಲೇ ಹೇಳಿಸಿ.

ದುಡ್ಡು ಕೊಟ್ಟು ಏಜೆಂಟರ ಹತ್ತಿರ ಎಸ್‌ಒಪಿ ಬರೆಸಬೇಡಿ. ಅಂಥ ಐದಾರು ಓದಿದ್ದೇನೆ, ಹೆಸರು ಬಿಟ್ಟರೆ ಎಲ್ಲ ಒಂದೇ.

ಶಿಫಾರಸು ಪತ್ರ ಕೇಳುವಾಗ ಮೇಷ್ಟ್ರಿಗೆ ಕನಿಷ್ಠ ಒಂದು ತಿಂಗಳು ಸಮಯ ಕೊಡಿ, ಜೊತೆಗೆ ನಿಮ್ಮ ಕರಡೂ ಇರಲಿ. ಪ್ರಾಂಶುಪಾಲರ ಸಹಿಗಿಂತ ನಿಮ್ಮ ಪ್ರಾಜೆಕ್ಟ್ ನೋಡಿದವರ ಪತ್ರವೇ ಮೇಲು.

ಬ್ರಿಟನ್ನಿನ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಡಿಗ್ರಿ ಮುಗಿದ ಕೂಡಲೇ ಹಾಕಿ ಸುಮ್ನೆ ಬೇಸರಪಡಬೇಡಿ. ಅಮೆರಿಕದ ಬಹಳಷ್ಟು ವಿಭಾಗಗಳ ಕೊನೇ ದಿನ ಡಿಸೆಂಬರ್–ಜನವರಿಯಲ್ಲಿ ಬರುತ್ತದೆ. ಕಾಫಿ ಕುಯ್ಲಿನ ಹೊತ್ತದು, ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅಂಕಪಟ್ಟಿ, ಪಾಸ್‌ಪೋರ್ಟ್, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಎಲ್ಲವನ್ನೂ ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಮುಗಿಸಿಕೊಳ್ಳಿ.