ಬರಲಿಲ್ಲ ಅಂತ ಯಾರಿಗಾದರೂ ಗೊತ್ತಾಗಬೇಕು

ನಾನು 33 ವರ್ಷ ಬಸ್ ಓಡಿಸಿದವನು. ಫಸ್ಟ್ ಶಿಫ್ಟ್ ಇದ್ದರೆ ನಸುಕಿನ ಐದಕ್ಕೆ ಡಿಪೋದಲ್ಲಿ ಸಹಿ ಬೀಳಬೇಕು. ಹತ್ತು ನಿಮಿಷ ತಡವಾದರೆ ಫೋನ್ ಬರುತ್ತಿತ್ತು. ವಸ್ತಿ ಬಸ್ ಇದ್ದ ದಿನ ಹಳ್ಳಿಯಲ್ಲೇ ಮಲಗಿ, ಬೆಳಕು ಹರಿಯುವ ಮೊದಲು ಗಾಡಿ ಚಾಲೂ ಮಾಡುತ್ತಿದ್ದೆ. ಆ ಸಪ್ಪಳಕ್ಕೆ ಹಾಲಿನ ಕ್ಯಾನ್ ಹಿಡಿದವರು, ಕಾಲೇಜು ಹುಡುಗರು ಓಡಿ ಬರುತ್ತಿದ್ದರು. ನಾನು ಬರಲಿಲ್ಲ ಅಂದರೆ ಇಡೀ ಊರಿಗೇ ಗೊತ್ತಾಗುತ್ತಿತ್ತು.

2022ರ ಜೂನ್ ಕೊನೆಗೆ ರಿಟೈರ್ ಆದೆ. ಹಾರ ಹಾಕಿದರು, ಶಾಲು ಹೊದಿಸಿದರು. ಮರುದಿನ ನಾಲ್ಕಕ್ಕೇ ಎಚ್ಚರವಾಯಿತು. ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಒಂದೆರಡು ತಿಂಗಳು ಮನೆಗೆ ಸುಣ್ಣಬಣ್ಣ, ನೆಂಟರ ಊರು ಅಂತ ಕಳೆಯಿತು. ದಸರಾ ಹೊತ್ತಿಗೆ ಊಟ ಸೇರದ ಹಾಗಾಯಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮುಗಿಯಿತು, ಮತ್ತೆ ನಿದ್ದೆ ಇಲ್ಲ. ಹುಬ್ಬಳ್ಳಿಯ ಉಣಕಲ್‌ನಲ್ಲಿ ನಮ್ಮ ಮನೆಗೆ ಪಿ.ಬಿ. ರೋಡಿನ ಸಪ್ಪಳ ಕೇಳುತ್ತದೆ. ಕಟ್ಟೆ ಮೇಲೆ ಕೂತು ಲಾರಿಗಳು ಗೇರ್ ಬದಲಿಸುವುದನ್ನು ಕೇಳುತ್ತಿದ್ದೆ. ಎಡಗೈ ತಾನಾಗೇ ಅಲ್ಲಾಡುತ್ತಿತ್ತು, ಗೇರ್ ಹಾಕಿದ ಹಾಗೆ. ಒಂದು ದಿನ ಮನೆಯವರು ಹಿಂದೆ ಬಂದು ನಿಂತು ಆ ಕೈ ನೋಡಿದರು. ಏನೂ ಅನ್ನಲಿಲ್ಲ. ಪಕ್ಕದಲ್ಲಿ ಕೂತು ಅತ್ತರು.

ನೆಂಟರು ಬಂದಾಗ ಎಲ್ಲರದೂ ಒಂದೇ ಮಾತು. "ಏನ್ ಕಡಿಮಿ ಐತ್ರಿ ನಿಮಗ? ಸ್ವಂತ ಮನಿ ಐತಿ, ಮಗಳ ಲಗ್ನ ಆಗೇತಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿದ ಮೇಲೆ ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಕಡಿಮೆ ಏನೂ ಇಲ್ಲದೆಯೂ ಕಾಯಿಲೆ ಬರುತ್ತದೆ. ಸಕ್ಕರೆ ಕಾಯಿಲೆ ಬಂದವನಿಗೆ ಯಾರೂ ಹೀಗೆ ಕೇಳುವುದಿಲ್ಲ, ಅಲ್ವಾ?

ಬೆಂಗಳೂರಿನಿಂದ ಮಗಳು ಫೋನ್ ಮಾಡಿ 14416 ನಂಬರ್ ಕೊಟ್ಟಳು. ಟೆಲಿಮಾನಸ್ ಅಂತ, ಮನಸ್ಸಿನ ತೊಂದರೆ ಇದ್ದವರಿಗೆ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಎಷ್ಟು ದಿನದಿಂದ ಹೀಗಿದೆ ಅಂತ ಆ ಕಡೆಯವರು ಕೇಳಿದರು. ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು ಅಂದರು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಬಂತು.

ಅಲ್ಲೇ ನನಗೆ ಕಾಲು ಹಿಂದೆ ಸರಿದದ್ದು. ಅದು 1845ರಲ್ಲಿ ಶುರುವಾದ ಆಸ್ಪತ್ರೆ. ಚಿಕ್ಕಂದಿನಿಂದ ಅದನ್ನು ಹುಚ್ಚಾಸ್ಪತ್ರೆ ಅಂತಲೇ ಕೇಳಿ ಬೆಳೆದವನು ನಾನು. ಬೆಳಗಾವಿ ಬಸ್ ಓಡಿಸುವಾಗ ಅದರ ಗೇಟಿನ ಮುಂದೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಒಳಗೆ ಹೋಗಬೇಕು ಅಂದಾಗ ಮಾತ್ರ ಮೈ ಬೆವರಿತು. ಮನೆಯವರು "ನಡೀರಿ, ನಾನೂ ಬರ್ತೀನಿ" ಅಂತ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ಒಳಗೆ ನೋಡಿದರೆ ನಮ್ಮಂಥವರೇ. ಪರೀಕ್ಷೆಗೆ ಓದುವ ಹುಡುಗಿ ತಾಯಿ ಜೊತೆ ಕೂತಿದ್ದಳು. ರುಮಾಲು ಸುತ್ತಿದ ರೈತರೊಬ್ಬರು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು.

ಡಾಕ್ಟರು ಇದು ಖಿನ್ನತೆ ಅಂದರು. ಗುಳಿಗೆ ಬರೆದರು. ಗುಣ ಕಾಣಲು ಎರಡು ಮೂರು ವಾರ ಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿದರು. ಆಮೇಲೆ ಒಂದು ಮಾತು ಹೇಳಿದರು, ಅದು ಈಗಲೂ ಕಿವಿಯಲ್ಲಿದೆ: "ಮನಸ್ಸು ಬಂದ ಮೇಲೆ ಮಾಡ್ತೀನಿ ಅನ್ನಬ್ಯಾಡ್ರಿ. ಮೊದಲು ಮಾಡ್ರಿ, ಮನಸ್ಸು ಹಿಂದಿನಿಂದ ಬರ್ತೈತಿ."

ನಿದ್ದೆ ಬಂದಿರಲಿ ಬಿಡಲಿ, ಐದೂವರೆಗೇ ಏಳುವುದು, ಮಧ್ಯಾಹ್ನ ಮಲಗದಿರುವುದು, ಸಂಜೆ ನಾಲ್ಕರ ಮೇಲೆ ಚಹಾ ಕುಡಿಯದಿರುವುದು. ಇವನ್ನು ಅವತ್ತೇ ಹಿಡಿದೆ. ಮೊಬೈಲ್ ನೋಡಿ ಧ್ಯಾನ ಮಾಡಲು ಹೋದೆ, ನನಗೆ ಒಗ್ಗಲಿಲ್ಲ. ಕಣ್ಣು ಮುಚ್ಚಿದರೆ ಯೋಚನೆ ಜಾಸ್ತಿ ಆಗುತ್ತಿತ್ತು. ಉಣಕಲ್ ಕೆರೆಯ ವಾಕಿಂಗ್ ಒಗ್ಗಿತು. ಆದರೆ ಒಬ್ಬನೇ ಹೋಗುತ್ತಿದ್ದಷ್ಟು ದಿನ ವಾರಕ್ಕೆ ಮೂರು ಸಲ ತಪ್ಪುತ್ತಿತ್ತು. ನಾನು ಹೋಗದಿದ್ದರೆ ಕೆರೆಗೇನು ಗೊತ್ತಾಗಬೇಕು?

ನಿಜವಾಗಿ ನನ್ನನ್ನು ಎತ್ತಿದ್ದು ಓಣಿಯ ಹನುಮಪ್ಪನ ಗುಡಿಯ ಭಜನೆ. ಶನಿವಾರ ರಾತ್ರಿ ಎಂಟಕ್ಕೆ ಪೇಟಿ, ತಬಲಾ, ದಮ್ಮಡಿ ಇಟ್ಟುಕೊಂಡು ಏಳೆಂಟು ಜನ ಕೂರುತ್ತಾರೆ. ಪೇಟಿ ಬಾರಿಸುವ ಹಿರಿಯರು ಒಂದು ದಿನ ಮನೆಗೇ ಬಂದು, "ತಾಳ ಹಿಡಿಯೋರಿಲ್ಲ, ನೀವ ಬರ್ಬೇಕು" ಅಂದರು. ನನಗೆ ಬರೋದಿಲ್ಲ ಅಂದೆ. "ಸ್ಟೇರಿಂಗ್ ಹಿಡಿದ ಕೈ ತಾಳ ಹಿಡಿಯೂದಿಲ್ಲೇನು?" ಅಂದರು.

ಮೊದಲ ರಾತ್ರಿ ನಾಲ್ಕು ಸಲ ತಾಳ ತಪ್ಪಿದೆ. ಯಾರೂ ನಿಲ್ಲಿಸಲಿಲ್ಲ. ದಮ್ಮಡಿಯವರು ನನ್ನ ಕಡೆ ತಿರುಗಿ ತಲೆಯಾಡಿಸುತ್ತಾ ಲೆಕ್ಕ ತೋರಿಸಿದರು. ಅವರ ತಲೆಯನ್ನೇ ನೋಡುತ್ತಾ ಕೂತೆ. ಪದ ಏರಿ ಎಲ್ಲರ ದನಿ ಒಟ್ಟಿಗೆ ಸೇರಿದಾಗ ಹಿತ್ತಾಳೆ ತಾಳ ಅಂಗೈಯಲ್ಲಿ ಬಿಸಿಯಾಗಿತ್ತು. ಎಷ್ಟೋ ತಿಂಗಳ ಮೇಲೆ ಒಂದು ತಾಸು ನನ್ನ ನೆನಪೇ ನನಗೆ ಬಂದಿರಲಿಲ್ಲ.

ಮೂರನೇ ಶನಿವಾರ ಹೋಗಲಿಲ್ಲ. ಮೈ ಏಳಲಿಲ್ಲ. ಒಂಬತ್ತೂವರೆಗೆ ದಮ್ಮಡಿಯವರು ಪ್ರಸಾದ ಹಿಡಿದು ಬಾಗಿಲಿಗೆ ಬಂದರು. "ಇವತ್ತ ತಾಳಿಲ್ದ ಹಾಡಿದ್ವಿ, ಸಪ್ಪಗಾತು ನೋಡ್ರಿ" ಅಂದರು. ಅಷ್ಟೇ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಅವರು ಹೋದ ಮೇಲೆ ಬಾಗಿಲ ಚಿಲಕ ಹಾಕದೆ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ರಿಟೈರ್ ಆದಮೇಲೆ ನಾನು ಬರಲಿಲ್ಲ ಅಂತ ಒಬ್ಬರಿಗೆ ಗೊತ್ತಾದದ್ದು ಅದೇ ಮೊದಲು. ಸೋಮವಾರದಿಂದ ಕೆರೆಗೆ ಅವರೂ ನಾನೂ ಜೊತೆಗೇ ಹೊರಟೆವು. ಆಮೇಲೆ ವಾಕಿಂಗ್ ತಪ್ಪಿದ್ದು ಕಡಿಮೆ.

ಭಜನೆಯಿಂದ ಕಾಯಿಲೆ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಗುಳಿಗೆ ನಿದ್ದೆ ತಂದುಕೊಟ್ಟಿತು. ನಿದ್ದೆ ಬಂದಿದ್ದಕ್ಕೇ ಗುಡಿಯವರೆಗೆ ನಡೆಯುವ ಶಕ್ತಿ ಬಂತು. ಒಂದು ವರ್ಷದ ಮೇಲೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಗುಳಿಗೆ ಇಳಿಸಿ ನಿಲ್ಲಿಸಿದರು. ಈಗಲೂ ಕೆಲವು ನಸುಕಿನಲ್ಲಿ ಎದೆ ಭಾರವಾಗುತ್ತದೆ. ಅಂಥ ದಿನ ಮನೆಯವರಿಗೆ ಬಾಯಿಬಿಟ್ಟು ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಹೋದ ತಿಂಗಳು ನಮ್ಮ ಡಿಪೋದ ಒಬ್ಬ ಕಂಡಕ್ಟರ್ ರಿಟೈರ್ ಆದರು. ಮನೆ ನಮ್ಮ ಹಿಂದಿನ ಓಣಿಯಲ್ಲೇ. ಬುದ್ಧಿ ಹೇಳಲು ಹೋಗಲಿಲ್ಲ. "ಶನಿವಾರ ಎಂಟಕ್ಕ ಬರ್ರಿ, ಇನ್ನೊಂದು ಜೋಡಿ ತಾಳ ಸುಮ್ನೆ ಬಿದ್ದೈತಿ" ಅಂದೆ. ಆಯ್ತು ಅಂದರು, ಬರಲಿಲ್ಲ. ಭಜನೆ ಮುಗಿದ ಮೇಲೆ ಪ್ರಸಾದ ಕಟ್ಟಿಸಿಕೊಂಡು ಅವರ ಮನೆ ಕಡೆ ನಡೆದೆ.